ಕಿರ್ ಎಂದಲ್ಲಿಗೆ ನಿಲ್ಲಿಸಬೇಕು

ಎಂಜಿನ್ ಮಾವನಿಗೆ ಕಿವಿ ಮಂದವಾಗಿದೆ ಎಂಬುದು ಈ ಭೂಮಿಯ ಮೇಲೆ ಆ ಲಾಂಚಿನ ಎಂಜಿನ್ನೊಂದಕ್ಕೇ ಗೊತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಅರಚಿಕೊಳ್ಳುತ್ತಿದ್ದರೂ ಅದು ಮಾವನ ಗುಟ್ಟನ್ನು ಮಾತ್ರ ಯಾರ ಮುಂದೆಯೂ ಬಿಟ್ಟುಕೊಟ್ಟಿರಲಿಲ್ಲ. ಹೊಳೆಯ ಎರಡೂ ದಡದ ಜನ ಇವತ್ತಿಗೂ ಕಿವಿ ಅಂದರೆ ಮಾವನದು ಎಂದೇ ಹೇಳುತ್ತಿದ್ದರು. ಯಾರ ದೋಣಿಯ ಎಂಜಿನ್ನು ಕೆಮ್ಮಿದರೂ ಮೊದಲು ಅವನಿಗೇ ಹೇಳಿಕಳಿಸುತ್ತಿದ್ದರು. ಅವನು ಬಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಕಣ್ಣು ಬಿಟ್ಟು, "ಹಿಂದಿನಿಂದ ಎರಡನೇ ವಾಲ್ವು" ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು.

ಊರಿಗೆಲ್ಲ ಅವನು ಮಾವ, ಅವನ ಹೆಂಡತಿ ಊರಿಗೆಲ್ಲ ಚುಕ್ಕಾಣಿ ಅಕ್ಕ. ಅಕ್ಕನ ಗಂಡ ಭಾವನಾಗಬೇಕೇ ಹೊರತು ಮಾವ ಹೇಗಾದಾನು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಲಾಂಚು ಅಕ್ಕನ ಅಪ್ಪನದು. ಮಾವ ಅಲ್ಲಿಗೆ ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದವನು, ಒರೆಸುತ್ತ ಒರೆಸುತ್ತ ಅಳಿಯನೂ ಆದ. ಅಪ್ಪನ ಕಣ್ಣು ಸೋತಾಗ ಚುಕ್ಕಾಣಿ ಮಗಳ ಕೈಗೆ ಬಂತು, ಅಳಿಯ ಕೆಳಗೇ ಉಳಿದ. ಮೇಲಿನಿಂದ ಅವಳು ಹಗ್ಗ ಎಳೆದು ಗಂಟೆ ಬಾರಿಸುವುದು, ಕೆಳಗೆ ಅವನು ಅದಕ್ಕೆ ಸರಿಯಾಗಿ ಎಂಜಿನ್ನನ್ನು ಮುಂದಕ್ಕೋ ಹಿಂದಕ್ಕೋ ಹಾಕುವುದು, ಹೀಗೆ ಸಂಸಾರ ಹೊಳೆ ದಾಟುತ್ತಲೇ ಇತ್ತು. ಈ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಬೇಕಾಗಿಲ್ಲ, ಗಂಟೆಯ ಹಗ್ಗ ಯಾರ ಕೈಯಲ್ಲಿದೆ ನೋಡಿದರೆ ಸಾಕು ಎಂದು ಪ್ರಯಾಣಿಕರು ನಗಾಡುತ್ತಿದ್ದರು. ಮಾವನೂ ನಗುತ್ತಿದ್ದ. ಹೇಳುವವರು ಏನಾದರೂ ಹೇಳಲಿ, ಅವನಿಗೆ ಆ ಏರ್ಪಾಡು ಬಹಳ ಹಿಡಿಸಿತ್ತು. ಅವಳು ಮೇಲೆ ಕಾಲು ಬದಲಿಸಿ ನಿಂತರೆ ತಲೆಯ ಮೇಲಿನ ಹಲಗೆ ಒಂದಿಷ್ಟು ಕುಗ್ಗುತ್ತಿತ್ತು. ಅದನ್ನು ನೋಡಿಕೊಂಡೇ ಅವನು ಇಡೀ ದಿನ ಕಳೆಯಬಲ್ಲವನಾಗಿದ್ದ.

ಕಿವಿ ಒಮ್ಮೆಲೇ ಹೋಗಲಿಲ್ಲ. ಹೋಗುವುದಾದರೂ ಒಂದು ಮಾತು ಹೇಳಿ ಹೋಗಬೇಕಿತ್ತು, ಅದೂ ಇಲ್ಲ. ಮೊದಲು ಸಣ್ಣ ದನಿಗಳು ಹೋದವು: ಕುಕ್ಕರಿನ ಸೀಟಿ, ಬಾಗಿಲಿನ ಕೀಲು, ಬೆಳಗಿನ ಹಕ್ಕಿಗಳು. ಹಕ್ಕಿಗಳು ಈಚೆಗೆ ಈ ಕಡೆ ಬರುವುದನ್ನು ಬಿಟ್ಟಿವೆ ಎಂದೇ ಅವನು ಸ್ವಲ್ಪ ಕಾಲ ನಂಬಿದ್ದ. ಆಮೇಲೆ ಮಕ್ಕಳ ಮಾತು ಹೋಯಿತು, ಹೆಂಗಸರ ಮಾತು ಹೋಯಿತು. ಅಡುಗೆಮನೆಯಿಂದ ದಿನಕ್ಕೆ ನೂರು ಸಲ ಬರುತ್ತಿದ್ದ 'ರೀ' ಎಂಬುದೂ ಬರುವುದು ನಿಂತಿತು. ಗಂಡಸರ ದಪ್ಪ ದನಿ ಮತ್ತು ಎಂಜಿನ್ನಿನ ಗುಡುಗು, ಇಷ್ಟು ಉಳಿಯಿತು. ಜೀವಮಾನವಿಡೀ ಎಂಜಿನ್ನಿನ ಬಾಯಿಗೆ ಕಿವಿ ಕೊಟ್ಟವನ ಕಿವಿಯನ್ನು ಎಂಜಿನ್ನೇ ತಿಂದು ಹಾಕಿತ್ತು.

ಅವನು ಯಾರಿಗೂ ಹೇಳಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಅರ್ಧ ತಿಳಿದುಕೊಂಡು ಉಳಿದರ್ಧಕ್ಕೆ 'ಹೂಂ' ಎನ್ನುತ್ತಿದ್ದ. ಈ ಹೂಂ ಎಂಬುದು ಎಂಥ ಉಪಕಾರಿ ಎಂದು ಅವನಿಗೆ ಆಗಲೇ ತಿಳಿದದ್ದು. ಹವೆಯ ಬಗ್ಗೆ, ತರಕಾರಿ ಬೆಲೆಯ ಬಗ್ಗೆ, ಸೊಂಟನೋವಿನ ಬಗ್ಗೆ ಯಾರು ಏನೇ ಹೇಳಲಿ, ಹೂಂ ಅಂದರೆ ಕೆಲಸ ನಡೆಯುತ್ತದೆ. ಗಂಟೆಯ ಹಗ್ಗಕ್ಕೆ ಒಂದು ಸ್ವಿಚ್ಚು ಸೇರಿಸಿ ಕೆಳಗೆ ಕೆಂಪು ಬಲ್ಬು ಹಾಕಿಕೊಂಡ. ಗಂಟೆಯ ನಾಲಿಗೆ ಸವೆದಿದೆ, ಯಾವುದಕ್ಕೂ ಇರಲಿ ಅಂದ. ಹೆಂಡತಿ ನಂಬಿದಳು. ಬೇರೆ ದೋಣಿಯವರು ಕರೆದಾಗ ಮಂಡಿನೋವು ಅಂದ. ಅವರೂ ನಂಬಿದರು. ಸುಳ್ಳು ಹೇಳುವುದು ಇಷ್ಟು ಸಲೀಸೆಂದು ಮೊದಲೇ ಗೊತ್ತಿದ್ದರೆ ಹರೆಯದಲ್ಲಿ ಏನೇನು ಮಾಡಬಹುದಿತ್ತೋ ಎಂದು ಒಮ್ಮೊಮ್ಮೆ ಅವನಿಗೇ ನಗು ಬರುತ್ತಿತ್ತು.

ಆದರೆ ಹೆದರಿಕೆ ನಗುವಂಥದ್ದಾಗಿರಲಿಲ್ಲ. ಆಚೆ ದಡದ ಲಾಂಚಿನ ಎಂಜಿನ್ನಿನವನಿಗೆ ಕಣ್ಣಿಗೆ ಪೊರೆ ಬಂದಾಗ ಅವನನ್ನು ದಡಕ್ಕಿಳಿಸಿ ಜೆಟ್ಟಿಯ ಬೆಂಚಿನ ಮೇಲೆ ಕೂರಿಸಿದ್ದರು. ಸೈಕಲ್ಲು ನೋಡಿಕೊಳ್ಳುವ ಕೆಲಸ ಎಂದು ಅದಕ್ಕೊಂದು ಹೆಸರು. ಸೈಕಲ್ಲುಗಳು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ, ಅವನಿಗೆ ಅವು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಲಾಂಚು ಬಂದಾಗಲೆಲ್ಲ ಅವನು ಎದ್ದು ನಿಲ್ಲುತ್ತಿದ್ದ, ಹೋದ ಮೇಲೆ ಕೂರುತ್ತಿದ್ದ. ಅದನ್ನು ಕಂಡಾಗಲೆಲ್ಲ ಮಾವ ಮುಖ ತಿರುಗಿಸಿಕೊಂಡು ಕೆಳಗಿಳಿದುಬಿಡುತ್ತಿದ್ದ. ಅಕ್ಕ ನಿಯಮದ ಹೆಂಗಸು. ಕುಡಿದು ಬಂದ ಎಂದು ಸ್ವಂತ ಚಿಕ್ಕಪ್ಪನನ್ನೇ ಕೆಲಸದಿಂದ ಬಿಡಿಸಿದವಳು. ಕಿವಿ ಕೇಳದ ಗಂಡನನ್ನು ಅಷ್ಟು ಜನರ ಜೀವದ ಕೆಳಗೆ ಕೂರಿಸಿಕೊಂಡು ಅವಳು ಹೊಳೆ ದಾಟುವವಳಲ್ಲ. ಗೊತ್ತಾದ ದಿನ ಅವನು ದಡಕ್ಕೆ, ಅಷ್ಟೇ.

ಇದರ ನಡುವೆ ಅಕ್ಕನೂ ಬದಲಾಗಿದ್ದಳು. ಅಪ್ಪ ತೀರಿಕೊಂಡ ಮೇಲಿನಿಂದ ಅವಳ ಮಾತು ಕಡಿಮೆಯಾಗಿತ್ತು. ಮಾತಾಡಿದರೂ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಹಾಗಾಗಿ ಮಾವನಿಗೆ ತುಟಿಯೂ ಸಿಗುತ್ತಿರಲಿಲ್ಲ. ಒಂದು ದಿನ ಪೇಟೆಯಿಂದ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಎಂಜಿನ್ನಿಗೆ ಆಯಿಲ್ ಪ್ರೆಷರಿನ ಸೆನ್ಸರು, ತನ್ನ ಕ್ಯಾಬಿನ್ನಿಗೆ ಅದರ ಮೀಟರು ಹಾಕಿಸಿಕೊಂಡಳು. ಎಲ್ಲೋ ಒಂದು ದೋಣಿಯ ಎಂಜಿನ್ನು ಆಯಿಲ್ ಇಲ್ಲದೆ ಹಿಡಿದುಕೊಂಡು ನಿಂತೇಹೋಯಿತಂತೆ, ಅದಕ್ಕೆ ಎಂದಳು. ಮಾವನಿಗೆ ಚುರ್ ಎಂದಿತು. ಇಷ್ಟು ವರ್ಷ ಮೇಲೆ ಮೀಟರಿನ ಜಾಗದಲ್ಲಿ ಏನಿತ್ತು? ಕೆಳಗೆ ಅವನಿದ್ದ. "ನನ್ನ ಮೇಲೆ ಕಾವಲು ಇಟ್ಟಿದ್ದಾಳೆ" ಎಂದು ಹಗ್ಗದವನ ಹತ್ತಿರ ನಗುತ್ತ ಹೇಳಿದ. ಹಗ್ಗದವನು ಎಂದರೆ ಲಾಂಚಿನ ಹಗ್ಗ ಎಸೆದು ಕಟ್ಟುವ, ಟಿಕೆಟ್ಟು ಹರಿಯುವ, ಮಿಕ್ಕ ಹೊತ್ತಿನಲ್ಲಿ ಬಾಯಿ ಮುಚ್ಚದ ನಡುವಯಸ್ಸಿನ ಆಸಾಮಿ. ಅವನ ದನಿ ದಪ್ಪ. ಮಾವನಿಗೆ ಅವನನ್ನು ಕಂಡರೆ ಪ್ರೀತಿ ಹೆಚ್ಚಲು ಅದೂ ಒಂದು ಕಾರಣ.

ಆ ಸೆನ್ಸರು ಹೆಬ್ಬೆರಳು ಗಾತ್ರದ ಹಿತ್ತಾಳೆಯ ತುಂಡು. ಒಂದು ತುದಿಗೆ ಸ್ಕ್ರೂವಿನಂಥ ಥ್ರೆಡ್ಡು, ಇನ್ನೊಂದು ತುದಿಗೆ ಒಂದೇ ಒಂದು ವೈರು. ಥ್ರೆಡ್ಡು ತುದಿಯಲ್ಲಿ ಸಣ್ಣ, ಬುಡದ ಕಡೆ ದಪ್ಪ. ಅದಕ್ಕೆ ವಾಷರಿಲ್ಲ, ತಿರುಗಿಸಿದಂತೆಲ್ಲ ಲೋಹಕ್ಕೆ ಲೋಹ ಬಿಗಿದುಕೊಂಡು ತಾನೇ ಆಯಿಲನ್ನು ತಡೆಯಬೇಕು. ಕಡಿಮೆ ಬಿಗಿದರೆ ಒಸರುತ್ತದೆ, ಹೆಚ್ಚು ಬಿಗಿದರೆ ಕತ್ತು ಬಿರಿಯುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾವನಿಗೆ ಕೆಲಸ ಕಲಿಸಿದ ಮುದಿ ಮಿಸ್ತ್ರಿ ಹೇಳಿಕೊಟ್ಟಿದ್ದ. ನಟ್ಟು ಬಿಗಿಯುವ ಪಾನಾ ಹಾಕಿ ಎಳೆಯುತ್ತ ಹೋಗು, ಒಂದು ಕಡೆ 'ಕಿರ್' ಅನ್ನುತ್ತದೆ, ಇಲಿ ಹಲ್ಲು ಕಡಿದ ಹಾಗೆ. ಅಲ್ಲಿಗೆ ಕೈ ಬಿಡು. ಎರಡನೇ ಸಲ ಕಿರ್ ಅನ್ನಿಸಿದರೆ ನೀನು ಮೆಕ್ಯಾನಿಕ್ ಅಲ್ಲ, ಗಾಣದ ಎತ್ತು. ಆ ನದಿಯ ಮೇಲಿನ ಎಂಜಿನ್ನಿನವರೆಲ್ಲ ಆ ಮಿಸ್ತ್ರಿಯ ಶಿಷ್ಯರೇ. ಎಲ್ಲರೂ ಕೈಗಿಂತ ಕಿವಿಯಿಂದಲೇ ಬಿಗಿ ಮಾಡುವವರು.

ಎಲೆಕ್ಟ್ರಿಷಿಯನ್ ಹಾಕಿಹೋದ ಸೆನ್ಸರು ಕೆಲವು ವಾರಗಳಲ್ಲೇ ಬುಡದಲ್ಲಿ ಒಸರತೊಡಗಿತು. ಕಪ್ಪು ಆಯಿಲಿನ ಒಂದು ಗೆರೆ ಎಂಜಿನ್ನಿನ ಪಕ್ಕೆಯಲ್ಲಿ ಇಳಿದು ತಳದ ನೀರಿನಲ್ಲಿ ಬಣ್ಣ ಬಣ್ಣವಾಗಿ ಹರಡಿಕೊಂಡಿತು. ಇದೇನು ಮಹಾ ಎಂದು ಮಾವ ಪಾನಾ ಹಾಕಿ ಎಳೆದ, ಕಿರ್ ಎನ್ನಲಿ ಎಂದು ಕಾದ. ಕಿರ್ ಬರಲಿಲ್ಲ. ಇನ್ನೂ ಎಳೆದ. ಪಾನಾ ಒಮ್ಮೆಗೇ ಸಡಿಲವಾಗಿ ತಿರುಗಿತು. ಸೆನ್ಸರಿನ ಕತ್ತು ಬಿರಿದಿತ್ತು. ಕಿರ್ ಯಾವಾಗಲೋ ಬಂದು, ಅವನನ್ನು ಮಾತಾಡಿಸಿ, ಉತ್ತರ ಸಿಗದೆ ಹೋಗಿತ್ತು. ಪಾನಾ ಕೈಯಲ್ಲಿ ಹಿಡಿದು ಅವನು ಆ ಇಕ್ಕಟ್ಟಿನಲ್ಲೇ ಬಹಳ ಹೊತ್ತು ಕೂತಿದ್ದ. ಹಕ್ಕಿ ಹೋಗಲಿ, ಸೀಟಿ ಹೋಗಲಿ ಅಂದುಕೊಂಡಿದ್ದವನಿಗೆ ಇದು ತಡೆದುಕೊಳ್ಳಲಾಗಲಿಲ್ಲ. ಸದ್ಯ, ಎಂಜಿನ್ ಕೋಣೆಯಲ್ಲಿ ಅಳುವವನ ಮುಖಕ್ಕೂ ಬೆವರಿದವನ ಮುಖಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಹೊಸ ಸೆನ್ಸರು ತಂದು ಹಾಕಿದ. ಈ ಸಲ ಮುರಿದೀತೆಂಬ ಭಯಕ್ಕೆ ಬೇಗ ಕೈಬಿಟ್ಟ, ಅದು ಒಸರಿತು. ಮರುದಿನ ಒಂದೆಳೆಯಷ್ಟು ತಿರುಗಿಸಿದ, ಮತ್ತೆ ಒಸರಿತು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಬೆಳಿಗ್ಗೆ ಬೆಳಿಗ್ಗೆ ಅದರ ಬುಡಕ್ಕೆ ಬೆರಳಿಟ್ಟು ನೋಡುವುದು, ಬೆರಳು ಕಪ್ಪಾಗುವುದು, ಇದೇ ಆಯಿತು. ಕೊನೆಗೆ ರೋಸಿಹೋಗಿ, ನಲ್ಲಿ ಕೆಲಸದವರು ಸುತ್ತುವ ಬಿಳಿ ಟೇಪು ತಂದು, ಥ್ರೆಡ್ಡಿಗೆ ಸುತ್ತಿದ. ಸುತ್ತಿದ್ದರ ಮೇಲೆ ಸುತ್ತಿದ. ಮುರಿದ ಕಾಲಿಗೆ ಕಟ್ಟುವ ಬ್ಯಾಂಡೇಜಿನಷ್ಟು ದಪ್ಪವಾದ ಮೇಲೆ ಮೆತ್ತಗೆ ಒಳಗೆ ಕೂರಿಸಿದ. ಮರುದಿನ ಬೆರಳಿಟ್ಟರೆ ಬೆರಳು ಒಣಗಿತ್ತು. ಮಾವನಿಗೆ ಯುದ್ಧ ಗೆದ್ದಷ್ಟು ಖುಷಿಯಾಯಿತು. ಕಿರ್ ಇಲ್ಲದೆಯೂ ಬದುಕಬಹುದು ಎಂದುಕೊಂಡ.

ಅದೇ ವಾರ ಒಂದು ಮಧ್ಯಾಹ್ನ, ನಡುಹೊಳೆಯಲ್ಲಿ, ಕೆಂಪು ಬಲ್ಬು ಹತ್ತಿ ಹತ್ತಿ ಆರಿತು. ನಿಲ್ಲಿಸು ಎಂದು. ಮಾವ ಎಂಜಿನ್ ನಿಲ್ಲಿಸಿದ. ಮೇಲೆ ಲಾಂಚಿನ ತುಂಬ ಜನ: ಮಿಲ್ಲಿನ ಕೆಲಸದವರು, ಆಸ್ಪತ್ರೆಗೆ ಹೋಗುವವರು, ಮೊಟ್ಟೆಯ ಟ್ರೇ ಹೊತ್ತ ಒಬ್ಬ ಹೆಂಗಸು, ನಾಲ್ಕಾರು ಬೈಕು. ಕ್ಯಾಬಿನ್ನಿನಲ್ಲಿ ಮೀಟರಿನ ಮುಳ್ಳು ತಟಕ್ಕನೆ ಸೊನ್ನೆಗೆ ಬಿದ್ದಿತ್ತು. ಹಗ್ಗದವನ ಕೈಗೆ ಚುಕ್ಕಾಣಿ ಕೊಟ್ಟು ಅಕ್ಕ ಎಂಜಿನ್ ಕೋಣೆಯ ಬಾಯಿಯ ಹತ್ತಿರ ಬಂದು ಬಗ್ಗಿದಳು. ಅವಳ ಬೆನ್ನ ಹಿಂದೆ ಬಿಸಿಲು. ಕೆಳಗಿನಿಂದ ನೋಡಿದ ಮಾವನಿಗೆ ಕಂಡದ್ದು ಮುಖವಿಲ್ಲದ ಒಂದು ಕಪ್ಪು ತಲೆ ಮಾತ್ರ.

"ಆಯಿಲ್ ಪ್ರೆಷರ್ ಸೊನ್ನೆ ತೋರಿಸ್ತಿದೆ. ಕೆಳಗೆ ಎಲ್ಲಾ ಸರಿ ಇದೆಯಾ?"

"ಹೂಂ" ಅಂದ ಮಾವ.

"ಹಾಗಾದ್ರೆ ಮತ್ತೆ ಸ್ಟಾರ್ಟ್ ಮಾಡಬಹುದಾ?"

"ಹೂಂ."

"ಮಾಡಿದ್ರೆ ಎಂಜಿನ್ ಹಿಡ್ಕೊಂಡುಬಿಡುತ್ತಾ?"

"ಹೂಂ."

ಆ ಕಪ್ಪು ತಲೆ ಹಾಗೇ ಅಲುಗದೆ ನಿಂತದ್ದನ್ನು ಕಂಡು ಮಾವನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಸಲ ಹೂಂ ಅಂದ. ಆಗ ಯಾರೂ ಏನನ್ನೂ ಕೇಳಿರಲೇ ಇಲ್ಲ.

ಎಂಜಿನ್ ನಿಂತ ಲಾಂಚನ್ನು ಹೊಳೆ ನಿಧಾನವಾಗಿ ಹಳೆಯ ಸೇತುವೆಯ ಕಂಬಗಳ ಕಡೆ ತಳ್ಳತೊಡಗಿತ್ತು. ಮೇಲೆ ಜನ ಗೊಣಗುತ್ತಿದ್ದರು. ಅಕ್ಕ ಏಣಿ ಹಿಡಿದು ಕೆಳಗಿಳಿದಳು. ಅವಳು ಅಲ್ಲಿಗೆ ಇಳಿದು ಎಷ್ಟೋ ವರ್ಷವಾಗಿತ್ತು. ತಲೆ ಬಗ್ಗಿಸಿಕೊಂಡು ಬಂದು, ಗಂಡನ ಭುಜ ಹಿಡಿದು, ಕೋಣೆಯ ದೀಪದ ಬೆಳಕು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತಳು. ಆಮೇಲೆ ತುಟಿಯನ್ನು ಪೂರ್ತಿ ಬಿಡಿಸಿ, ನಿಧಾನವಾಗಿ ಕೇಳಿದಳು.

"ಎಂಜಿನ್ ಹೇಗಿದೆ?"

ಅವಳಿಗೆ ಗೊತ್ತಾಗಿಹೋಗಿದೆ ಎಂದು ಮಾವನಿಗೆ ತಿಳಿಯಿತು. ತಿಳಿದ ಕೂಡಲೇ, ವಿಚಿತ್ರವೆಂದರೆ, ಮೊದಲು ಬಂದದ್ದು ಸುಸ್ತು. ಭಾರ ಹೊತ್ತು ನಿಂತವನಿಗೆ ಯಾರೋ ಇಳಿಸು ಎಂದಂತಾಯಿತು.

"ಸರಿಯಾಗಿದೆ" ಅಂದ.

"ಕೇಳಿ ಹೇಳ್ತಿದ್ದೀರಾ, ಮುಟ್ಟಿ ಹೇಳ್ತಿದ್ದೀರಾ?"

"ಮುಟ್ಟಿ." ಅವನು ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕು ಎಳೆದು ತೋರಿಸಿದ. ಆಯಿಲ್ ಗೆರೆಯವರೆಗೂ ಇತ್ತು. ಆದರೆ ತಳದಲ್ಲಿ ಆಯಿಲ್ ಇದ್ದ ಮಾತ್ರಕ್ಕೆ ಪಂಪು ಅದನ್ನು ಮೇಲೇರಿಸುತ್ತಿದೆ ಎಂದಲ್ಲ. ಅದು ಏರದಿದ್ದರೆ ವಾಲ್ವುಗಳು ಒಣಗಿ ಟಕಟಕ ಎನ್ನತೊಡಗುತ್ತವೆ. ಅದನ್ನು ತಿಳಿಯಲು ಕಿವಿಯೇ ಬೇಕು. ಮಾವ ಎಂಜಿನ್ನಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

"ಸ್ಟಾರ್ಟ್ ಮಾಡ್ತೀನಿ. ಟಕಟಕ ಅಂತ ಕೇಳುತ್ತಾ ನೋಡಿ ಹೇಳು. ನನಗೆ ಕೇಳಲ್ಲ."

ಆ ಕೊನೆಯ ಎರಡು ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಎಂಜಿನ್ ಶುರುವಾಯಿತು. ಮಾವ ಎಂಜಿನ್ ಬ್ಲಾಕಿನ ಮೇಲೆ ಅಂಗೈ ಇಟ್ಟ. ಅಕ್ಕ ತಲೆ ಬಗ್ಗಿಸಿ ವಾಲ್ವಿನ ಮುಚ್ಚಳದ ಹತ್ತಿರ ಕಿವಿ ತಂದಳು. ಎಂಜಿನ್ನಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು.

"ಟಕಟಕ ಇಲ್ಲ" ಅಂದಳು, ಮುಖ ಎತ್ತಿ, ಅವನಿಗೆ ಕಾಣುವ ಹಾಗೆ.

"ಕೈಗೂ ಸರಿ ಅನ್ಸುತ್ತೆ. ಮೀಟರ್ ಸುಳ್ಳು ಹೇಳ್ತಿದೆ. ನಡಿ."

ಅವಳು ಮೇಲೆ ಹೋದಳು. ಮುಳ್ಳು ಸೊನ್ನೆಯಲ್ಲೇ ಸತ್ತು ಬಿದ್ದಿತ್ತು. ಅದನ್ನು ಕಣ್ಣೆದುರು ಇಟ್ಟುಕೊಂಡೇ, ನಿಯಮದ ಹೆಂಗಸು, ಕಿವುಡನ ಅಂಗೈಯನ್ನು ನಂಬಿ ಲಾಂಚನ್ನು ದಡಕ್ಕೆ ತಂದಳು. ಜೆಟ್ಟಿಯಲ್ಲಿ ಕಾಯುತ್ತಿದ್ದ ಜನರಿಗೆ, ರಿಪೇರಿ ಇದೆ, ಆಗುವವರೆಗೆ ಲಾಂಚಿಲ್ಲ ಎಂದಳು. ಹಗ್ಗದವನು ಅವರ ಬೈಗುಳವನ್ನೆಲ್ಲ ತನ್ನ ಪಾಲಿಗೆ ತೆಗೆದುಕೊಂಡು ಜೆಟ್ಟಿಯ ಮೇಲೆ ನಿಂತ. ಅಕ್ಕ ಮತ್ತೆ ಕೆಳಗಿಳಿದಳು.

ಮಾವ ಸೆನ್ಸರು ಬಿಚ್ಚಿ ಅಂಗೈಯಲ್ಲಿ ಹಿಡಿದು ಕೂತಿದ್ದ. ಬಿಳಿ ಟೇಪು ಕಪ್ಪಾಗಿ, ಹಿಂಜಿ, ಥ್ರೆಡ್ಡನ್ನು ಕಾಣದ ಹಾಗೆ ಮುಚ್ಚಿತ್ತು. ಅವನಿಗೆ ಆಗ ಬೆಳಕು ಹರಿಯಿತು. ಒಂದೇ ವೈರಿನ ಸೆನ್ಸರು ಇದು. ಕರೆಂಟು ವೈರಿನಲ್ಲಿ ಬಂದರೆ ವಾಪಸು ಹೋಗುವುದು ಥ್ರೆಡ್ಡಿನ ಮೂಲಕ, ಎಂಜಿನ್ನಿನ ಕಬ್ಬಿಣಕ್ಕೆ. ತಾನು ಅದಕ್ಕೆ ಅಷ್ಟು ದಪ್ಪ ಅಂಗಿ ತೊಡಿಸಿದ ಮೇಲೆ ಅದು ಕಬ್ಬಿಣವನ್ನು ಮುಟ್ಟುವುದೆಲ್ಲಿ? ಮೊದಲೆರಡು ದಿನ ಎಲ್ಲೋ ಒಂದೆಳೆ ತಾಗಿಕೊಂಡಿತ್ತೇನೋ, ಇವತ್ತು ಅದೂ ತಪ್ಪಿತ್ತು. ಆಯಿಲ್ ಸೋರದ ಹಾಗೆ ಮಾಡಲು ಹೋಗಿ, ಅದು ಹೇಳುವ ಮಾತೇ ಮೇಲೆ ತಲುಪದ ಹಾಗೆ ಮಾಡಿದ್ದ. ಇದನ್ನೆಲ್ಲ ಹೆಂಡತಿಗೆ ವಿವರಿಸಿದ. ಕಿರ್ ಎನ್ನುವ ದನಿಯಿಂದ ಶುರು ಮಾಡಿದ, ಅಲ್ಲಿಂದ ಹಕ್ಕಿಗಳವರೆಗೂ ಹೋದ. ಅಕ್ಕ ಏಣಿಯ ಮೆಟ್ಟಿಲ ಮೇಲೆ ಕೂತು ಕೇಳಿದಳು.

"ಯಾವಾಗಿನಿಂದ?" ಎಂದಳು.

"ಎರಡು ವರ್ಷ ಆಗಿರಬೇಕು. ಜಾಸ್ತೀನೂ ಇರಬಹುದು."

"ಅಪ್ಪ ಹೋದಾಗ?"

"ಆಗಲೂ ಕೇಳ್ತಿರಲಿಲ್ಲ."

ಅಕ್ಕ ಕೆಳಗೆ ಬಿದ್ದಿದ್ದ ವೇಸ್ಟ್ ಬಟ್ಟೆ ಎತ್ತಿಕೊಂಡು, ಆಯಿಲ್ ಮುಟ್ಟದಿದ್ದ ಕೈಯನ್ನು ಒರೆಸಿಕೊಳ್ಳತೊಡಗಿದಳು. ಒರೆಸಿದಷ್ಟೂ ಕೈ ಕೊಳೆಯಾಯಿತು.

"ಅಪ್ಪ ಹೋದ ವಾರ ನೀವು ಇಲ್ಲೇ, ಆ ಕಡೆ ತಿರುಗಿ ಕೂತು ಫಿಲ್ಟರ್ ತೊಳೀತಿದ್ರಿ. ನಾನು ಈ ಏಣಿ ಮೇಲೆ ನಿಂತು ಒಂದು ಮಾತು ಕೇಳಿದೆ. ನೆನಪಿದೆಯಾ?"

"ಇಲ್ಲ. ಏನು ಕೇಳಿದೆ?"

"ನನ್ನ ಕಟ್ಕೊಂಡು ನಿಮ್ಮ ಜೀವನ ಎಲ್ಲ ಈ ಗುಂಡಿಯಲ್ಲೇ ಕಳೆದುಹೋಯ್ತು ಅಂತ ಬೇಜಾರಿದೆಯಾ ಅಂತ." ಅವಳ ತುಟಿ ನಡುಗಿತು, ಓದಲು ಕಷ್ಟವಾಯಿತು, ಆದರೂ ಮಾವ ಒಂದಕ್ಷರ ಬಿಡದೆ ಓದಿದ. "ನೀವು ಹೂಂ ಅಂದ್ರಿ."

ಮಾವ ಹಂಚಿದ ಸಾವಿರಾರು ಹೂಂಗಳಲ್ಲಿ ಒಂದು ಅಲ್ಲಿ ಹೋಗಿ ಬಿದ್ದಿತ್ತು. ಅವನಿಗೆ ಅದರ ಸುಳಿವೂ ಇರಲಿಲ್ಲ. ಅವಳು ಅದನ್ನು ಹೊತ್ತುಕೊಂಡು ಅಡುಗೆ ಮಾಡಿದ್ದಳು, ಚುಕ್ಕಾಣಿ ಹಿಡಿದಿದ್ದಳು, ಅವನ ಪಕ್ಕದಲ್ಲೇ ಮಲಗಿ ಎದ್ದಿದ್ದಳು.

"ಮತ್ತೆ ನೀನು ಯಾಕೆ ಏನೂ ಕೇಳಲಿಲ್ಲ? ಜಗಳ ಆಡಬೇಕಿತ್ತು."

"ಹೂಂ ಅಂದ ಮೇಲೆ ಏನು ಜಗಳ? ನಿಜ ಹೇಳಿದ್ರಲ್ಲ ಅಂದ್ಕೊಂಡೆ. ಇವತ್ತಲ್ಲ ನಾಳೆ ಬಿಟ್ಟು ಹೋಗ್ತಾರೆ ಅಂದ್ಕೊಂಡೆ. ಹೋದ್ರೆ ಒಬ್ಬಳೇ ನೋಡ್ಕೋಬೇಕಲ್ಲ, ಅದಕ್ಕೇ ಆ ಮೀಟರ್ ಹಾಕಿಸಿದ್ದು."

ಮಾವ ಆಯಿಲ್ ಕೈಯಲ್ಲೇ ಅವಳ ಕೈ ಹಿಡಿದ. "ಇನ್ನೊಂದು ಸಲ ಕೇಳು" ಅಂದ.

"ಏನನ್ನ?"

"ಅದನ್ನೇ."

ಅಕ್ಕ ಕೇಳಿದಳು. ಮಾವ "ಇಲ್ಲ" ಅಂದ. ಎಷ್ಟೋ ಕಾಲದಿಂದ ಬರೀ ಹೂಂ ಹೇಳಿ ಹೇಳಿ ಆ ಪದ ಬಾಯಿಗೆ ಹೊಸದಾಗಿತ್ತು. ಅದಕ್ಕೇ ಇನ್ನೊಮ್ಮೆ ಹೇಳಿದ. "ಇಲ್ಲ. ಒಂದು ದಿನವೂ ಇಲ್ಲ. ನೀನು ಮೇಲಿದ್ದೀಯ ಅಂತಲೇ ಕೆಳಗೆ ಕೂತೆ." ಅಕ್ಕ ಅತ್ತಳು. ಬಿಗಿದು ಬಿಗಿದು ಇಟ್ಟುಕೊಂಡದ್ದೆಲ್ಲ ಹೊರಬಂತು. ಮಾವನಿಗೆ ಅಳುವಿನ ದನಿ ಕೇಳಿಸಲಿಲ್ಲ, ಅವಳ ಕೈ ಅದುರುವುದು ಗೊತ್ತಾಯಿತು.

ಆಮೇಲೆ ಕೆಲಸ. ಅಳು ಎಷ್ಟೇ ದೊಡ್ಡದಾಗಿದ್ದರೂ ಜೆಟ್ಟಿಯಲ್ಲಿ ಜನ ಕಾಯುತ್ತಿದ್ದರು. ಮಾವ ಟೇಪನ್ನೆಲ್ಲ ಕಿತ್ತು, ತಂತಿಯ ಬ್ರಷ್ಷಿನಿಂದ ಥ್ರೆಡ್ಡು ಉಜ್ಜಿ, ತೂತಿನೊಳಗೂ ಬಟ್ಟೆ ತುರುಕಿ ತಿರುಗಿಸಿ ಒರೆಸಿದ. ಥ್ರೆಡ್ಡಿಗೆ ಹಚ್ಚುವ ಪೇಸ್ಟನ್ನು ತುದಿಯ ಸುತ್ತು ಬಿಟ್ಟು, ಮೇಲಿನ ಸುತ್ತುಗಳಿಗೆ ಎಷ್ಟು ಬೇಕೋ ಅಷ್ಟೇ ಸವರಿದ. ಕೈಯಿಂದ ಹೋಗುವಷ್ಟು ಕೈಯಿಂದ ತಿರುಗಿಸಿ, ಆಮೇಲೆ ಪಾನಾ ಹಾಕಿದ. ಅಕ್ಕ ಅವನ ಭುಜದ ಮೇಲಿನಿಂದ ಬಾಗಿ ಸೆನ್ಸರಿನ ಹತ್ತಿರ ಕಿವಿ ತಂದಳು.

"ಇಲಿ ಹಲ್ಲು ಕಡಿದ ಹಾಗೆ ಅನ್ನುತ್ತೆ. ಅಂದ ತಕ್ಷಣ ಹೇಳು."

"ನನಗೆ ಅದು ಗೊತ್ತು. ನೀವು ಬರೋಕೆ ಮುಂಚೆ ಈ ಗುಂಡಿಯಲ್ಲಿ ಆಡಿ ಬೆಳೆದವಳು ನಾನು."

ಮಾವ ಎಳೆದ. ಪಾನಾ ಭಾರವಾಗುತ್ತ ಹೋಯಿತು. ಕೈ ಇನ್ನೂ ಎಳೆ ಎನ್ನುತ್ತಿತ್ತು, ಭಯ ಸಾಕು ಎನ್ನುತ್ತಿತ್ತು. ಎರಡನ್ನೂ ಬಿಟ್ಟು ಅವನು ಹೆಂಡತಿಯ ಮುಖ ನೋಡುತ್ತ ಎಳೆದ. ಅವಳು ಕಣ್ಣು ಮುಚ್ಚಿದ್ದಳು. ಅವನೂ ಒಂದು ಕಾಲದಲ್ಲಿ ಹಾಗೇ ಕಣ್ಣು ಮುಚ್ಚುತ್ತಿದ್ದ. ಇದ್ದಕ್ಕಿದ್ದಂತೆ ಅವಳ ಹುಬ್ಬು ಏರಿತು, ಕೈ ಅವನ ಭುಜ ಒತ್ತಿತು. ಮಾವ ಪಾನಾ ಬಿಟ್ಟ.

ಎಂಜಿನ್ ಶುರು ಮಾಡಿ ನೋಡಿದರು. ಮೇಲೆ ಮುಳ್ಳು ಎದ್ದು ತನ್ನ ಜಾಗದಲ್ಲಿ ನಿಂತಿತ್ತು. ಕೆಳಗೆ ಸೆನ್ಸರಿನ ಬುಡಕ್ಕೆ ಬೆರಳಿಟ್ಟರೆ ಬೆರಳು ಒಣಗಿತ್ತು. ಅಕ್ಕ ಕ್ಯಾಬಿನ್ನಿಗೆ ಹೋಗಿ ನೋಡಿ ವಾಪಸು ಬಂದು, ಗಂಡನ ಎದುರಿಗೆ ಕೂತಳು.

"ಯಾರಿಗೂ ಹೇಳೋದು ಬೇಡ" ಅಂದಳು. "ಬಲ್ಬಿದೆ, ಮೀಟರಿದೆ. ಕೇಳೋ ಕೆಲಸ ಬಂದಾಗ ನಾನು ಇಳಿದು ಬರ್ತೀನಿ. ನಾನು ಸಂಭಾಳಿಸ್ತೀನಿ."

ಸ್ವಂತ ಚಿಕ್ಕಪ್ಪನನ್ನೂ ಬಿಡದ ಬಾಯಿ ಈ ಮಾತು ಹೇಳುತ್ತಿದೆ ಎಂದು ನಂಬಲು ಮಾವನಿಗೆ ಅವಳ ತುಟಿಯನ್ನು ಎರಡು ಸಲ ನೋಡಬೇಕಾಯಿತು. ಇಷ್ಟು ದಿನ ಹೆದರಿದ್ದು ಇದಕ್ಕಲ್ಲವೇ? ಈಗ ಹೆದರಬೇಕಾಗಿಲ್ಲ. ಹೂಂ ಎಂದುಬಿಟ್ಟರೆ ಆಯಿತು. ಗುಂಡಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಅವನು ಬ್ಲಾಕಿನ ಮೇಲೆ ಅಂಗೈ ಇಟ್ಟು ಯೋಚಿಸಿದ. ಇವತ್ತು ಸುಳ್ಳು ಹೇಳಿದ್ದು ಮೀಟರು. ನಾಳೆ ಮೀಟರು ನಿಜ ಹೇಳಿ, ವಾಲ್ವು ಟಕಟಕ ಎಂದು ಬಾಯಿ ಬಡಿದುಕೊಂಡು, ಕೆಳಗೆ ಕೂತವನು ಹೂಂ ಎಂದರೆ? ಮೇಲೆ ಆಸ್ಪತ್ರೆಗೆ ಹೋಗುವವರಿರುತ್ತಾರೆ, ಕಂಬಗಳು ಇದ್ದಲ್ಲೇ ಇರುತ್ತವೆ. ಮತ್ತೆ ಇವಳು, ಒಂದು ಸುಳ್ಳನ್ನೂ ತಡೆದುಕೊಳ್ಳದ ಇವಳು, ತನ್ನ ಸಲುವಾಗಿ ದಿನವೂ ಊರ ಮುಂದೆ ಸುಳ್ಳು ಹೇಳಿಕೊಂಡು ನಿಲ್ಲಬೇಕು. ಕೈ ಇನ್ನೂ ಎಳೆ ಎಂದರೂ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಈ ಸಲ ಗೊತ್ತಾಯಿತು.

"ಬೇಡ" ಅಂದ. "ಕಿವಿ ಇರೋರು ಕೆಳಗೆ ಬರಲಿ. ಹಗ್ಗದವನಿಗೆ ಹೇಳ್ತೀನಿ. ವಾಚಾಳಿ, ಆದರೆ ಕೈ ಒಳ್ಳೇದು. ಅವನು ಕಲಿಯೋವರೆಗೆ ನಾನೂ ಇಲ್ಲೇ ಇರ್ತೀನಿ, ಆಮೇಲೆ ನೋಡೋಣ."

"ಬೆಂಚಿನ ಮೇಲೆ ಕೂರ್ತೀರಾ?"

ಮಾವ ಕೈ ಒರೆಸಿಕೊಂಡು ಏಣಿ ಹತ್ತಿದ. ಅಕ್ಕ ಹಿಂದೆಯೇ ಬಂದಳು.

ಜೆಟ್ಟಿಯಲ್ಲಿ ಜನ ಸಾಲಾಗಿ ನಿಂತಿದ್ದರು. ಮೊಟ್ಟೆಯ ಹೆಂಗಸು ಟ್ರೇ ಖಾಲಿ ಮಾಡಿಕೊಂಡು ವಾಪಸು ಹೋಗಲು ಬಂದಿದ್ದಳು. ಬೆಂಚಿನವನು ಸೈಕಲ್ಲುಗಳ ಪಕ್ಕ ಎದ್ದು ನಿಂತಿದ್ದ. ಮಾವ ಯಾರ ಕಡೆಯೂ ನೋಡದೆ ನೇರವಾಗಿ ಹಗ್ಗದವನ ಹತ್ತಿರ ಹೋಗಿ, ಅವನ ತೋಳು ಹಿಡಿದು ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಬಾರದೆಂದು ಕೈ ಅಡ್ಡ ಹಿಡಿದು ಹೇಳಿದ.

"ನನಗೆ ಕಿವಿ ಕೇಳಲ್ಲ ಕಣೋ. ಎರಡು ವರ್ಷದಿಂದ ಕೇಳಲ್ಲ. ನಾಳೆಯಿಂದ ನೀನು ಕೆಳಗೆ ಬರಬೇಕು, ನಾನು ಕಲಿಸ್ತೀನಿ."

ತನ್ನ ದನಿ ಎಷ್ಟು ದೊಡ್ಡದೆಂದು ಅಳೆಯುವುದಕ್ಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಎಂಜಿನ್ನಿನ ಮೇಲೆ ಕೂಗಿ ಕೂಗಿ ಬೆಳೆದ ದನಿ ಅದು. ಸಾಲಿನ ಕೊನೆಯವರೆಗೂ ಹೋಯಿತು, ನೀರಿನ ಮೇಲೂ ಹೋಯಿತು. ಗೊಣಗುತ್ತಿದ್ದವರೆಲ್ಲ ಗೊಣಗುವುದನ್ನು ಬಿಟ್ಟರು. ಬೆಂಚಿನವನು ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದ. ಜೀವಮಾನದಲ್ಲಿ ಮೊದಲ ಸಲ ಹಗ್ಗದವನಿಗೆ ಮಾತು ಹೊರಡಲಿಲ್ಲ, ತಲೆ ಮಾತ್ರ ಆಡಿಸಿದ.

ಮಾವ ತಿರುಗಿದ. ಎಲ್ಲರೂ ನೀರಿನ ಕಡೆಯೋ, ಚೀಲದ ಕಡೆಯೋ ನೋಡುತ್ತಿದ್ದರು. ಹೆಂಡತಿಯ ಹತ್ತಿರ ಬಂದು ನಿಂತು, "ಮೆಲ್ಲಗೆ ಹೇಳಿದೆ ತಾನೆ?" ಎಂದು ಕೇಳಿದ. ಅದನ್ನೂ ಸಾಲಿನ ಕೊನೆಯವರು ಕೇಳಿಸಿಕೊಂಡರು.

ಅಕ್ಕ ಅವನ ಎದುರಿಗೆ ಬಂದಳು. ಬಿಸಿಲು ತನ್ನ ಮುಖದ ಮೇಲೆ ಬೀಳುವ ಹಾಗೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಮೆಲ್ಲಗೇ ಹೇಳಿದ್ರಿ."